ಎದೆಯ ಮೇಲಿನ ಅತಿಥಿ

ನಾನು ಒಂದು ಬಿಲ್ಲೆ. ಹುಬ್ಬಳ್ಳಿಯಲ್ಲಿ ಗಾಡಿಗಳಿಗೆ ನಂಬರ್ ಪ್ಲೇಟ್ ಬರೆಯುವ ಅಂಗಡಿಯೊಂದರಲ್ಲಿ ಹುಟ್ಟಿದೆ. ಹಳದಿ ಪ್ಲಾಸ್ಟಿಕ್ ಹಾಳೆಯಿಂದ ನನ್ನನ್ನು ಕತ್ತರಿಸಿ, ಕೆಂಪಕ್ಷರದಲ್ಲಿ 'ಅತಿಥಿ' ಎಂದು ಬರೆದು, ಬೆನ್ನಿಗೊಂದು ಪಿನ್ನು ಅಂಟಿಸಿದರು.

ನನ್ನನ್ನು ಮಾಡಿಸಿದವರು ಶಿವಲೀಲಾ ಬೆಟಗೇರಿ, ನಾಲ್ಕು ಜನರ ಮುಂದೆ ಮಾತಾಡುವುದನ್ನು ಕಲಿಯಲು ಭಾನುವಾರ ಬೆಳಿಗ್ಗೆ ಶಾಲೆಯ ಕೋಣೆಯೊಂದರಲ್ಲಿ ಸೇರುವ ಭಾಷಣ ಕೂಟದ ಕಾರ್ಯದರ್ಶಿ. ಹೊಸಬರು ಬಂದರೆ ಸಾಕು, ಅವರ ಎದೆಗೆ ನನ್ನನ್ನು ಚುಚ್ಚುತ್ತಿದ್ದರು. ಮುಂದಿನ ಎರಡು ತಾಸು ಆ ಎದೆಬಡಿತ ನನಗೊಬ್ಬನಿಗೇ ಕೇಳುತ್ತಿತ್ತು. ಕೆಲವರು ಮತ್ತೆ ಈ ಕಡೆ ಸುಳಿಯಲಿಲ್ಲ. ಸದಸ್ಯರಾದವರು ನನ್ನನ್ನು ತೆಗೆದಿಟ್ಟು, ತಮ್ಮ ಹೆಸರಿರುವ ನೀಲಿ ಬಿಲ್ಲೆ ಪಡೆದರು.

ಅಂಗನವಾಡಿ ಟೀಚರ್ ಶಕುಂತಲಾ ಹೊಸಮನಿ ಮಾತ್ರ ಐದು ಭಾನುವಾರ ನನ್ನನ್ನು ಬಿಡಲಿಲ್ಲ. ಬಂದವರೇ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು.

"ಅಕ್ಕಾರ, ಸದಸ್ಯರಾಗ್ರಿ ಇನ್ನ," ಎಂದರು ಶಿವಲೀಲಾ, ಐದನೆಯ ಭಾನುವಾರ.

"ಸಣ್ಣ ಹುಡುಗರ ಮುಂದ ಎಷ್ಟ ಬೇಕಾದ್ರೂ ಮಾತಾಡ್ತೀನ್ರೀ. ದೊಡ್ಡವರ ಮುಂದ ಗಂಟಲ ಒಣಗತೈತಿ. ಬುಧವಾರ ವಾರ್ಡ್ ಸಭಾ ಐತಿ. ನಮ್ಮ ಅಂಗನವಾಡಿನ ಲಾರಿ ಓಡೋ ರಸ್ತೆ ಆಚೆ ಹಾಕ್ತಾರಂತ. ಬ್ಯಾಡಂತ ಹೇಳ್ಬೇಕು, ಹೆಂಗ ಹೇಳ್ಲಿ?"

"ಇವತ್ತ ನಿಮ್ಮ ಹೆಸರಷ್ಟ ಹೇಳ್ರಿ. ನಾವೂ ಎಲ್ಲಾರೂ ತಡವರಿಸಿದವ್ರ."

ಶಕುಂತಲಾ ಎದ್ದರು, ಹೆಸರು ಹೇಳಿದರು, ಕುಸಿದು ಕೂತರು. ಕೋಣೆಯೆಲ್ಲ ಚಪ್ಪಾಳೆ! ಆ ಗಡಿಬಿಡಿಯಲ್ಲಿ ನನ್ನನ್ನು ತೆಗೆಯುವುದನ್ನೇ ಮರೆತು ಮನೆಗೆ ಹೋದರು.

ಬುಧವಾರ ಸೆರಗಿಗೆ ಪಿನ್ನು ಸಿಗದೆ ನನ್ನನ್ನೇ ಒಳಮುಖವಾಗಿ ಚುಚ್ಚಿಕೊಂಡರು. ಹೀಗೆ ನಾನೂ ಸಭೆಗೆ ಹೋದೆ.

"ತೀರ್ಮಾನ ಆಗೇತಿ, ಮುಂದಿನ ವಿಷಯ," ಎಂದರು ಅಧ್ಯಕ್ಷರು. ನನ್ನ ಕೆಳಗೆ ಎದೆ ಹೋಳಿ ಹಬ್ಬದ ಹಲಗೆಯಂತೆ ಬಡಿಯುತ್ತಿತ್ತು. ಶಕುಂತಲಾ ಎದ್ದು ನಿಂತರು.

"ಸಾಹೇಬ್ರ, ನಾನು... ನಾನು ಶಕುಂತಲಾ." ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡರು. "ನಮ್ಮಲ್ಲಿ ಇಪ್ಪತ್ತಾರು ಮಕ್ಕಳದಾವ. ದೊಡ್ಡಾಕಿಗೆ ಐದು ವರ್ಷ. ಆ ರಸ್ತೆ ದಾಟೂದಂದ್ರ ನನಗ ಜೀವ ಬಾಯಿಗೆ ಬರತೈತಿ. ದಿನಾ ಮುಂಜಾನೆ ಬಂದು ಅವರ ಕೈ ಹಿಡದು ನೀವು ದಾಟಸ್ತೀರೇನ್ರೀ?"

ಸಭೆಗೆ ಬಂದಿದ್ದ ಆ ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ಎದ್ದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, "ಆತು ಬಿಡ್ರೆವಾ, ಈ ಕಡೆನ ಜಾಗಾ ನೋಡೋಣು," ಎಂದರು. ನನಗೆ ಕೈಗಳಿದ್ದರೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತಿದ್ದೆ!

ಮುಂದಿನ ಭಾನುವಾರ ಶಕುಂತಲಾ ಎಲ್ಲರಿಗಿಂತ ಮೊದಲೇ ಬಂದರು. ನನ್ನನ್ನು ಶಿವಲೀಲಾ ಅವರ ಅಂಗೈಯಲ್ಲಿಟ್ಟು, "ಇದು ಸಾಕ್ರೀ. ನನ್ನ ಹೆಸರಿಂದು ಕೊಡ್ರಿ," ಎಂದರು.

ಈಗ ನನಗೆ ವಯಸ್ಸಾಗಿದೆ. ಬಣ್ಣ ಮಾಸಿದೆ, ಪಿನ್ನು ಸಡಿಲಾಗಿದೆ. ಬಾಗಿಲ ಬಳಿಯ ಮೇಜಿನ ಮೇಲೆ ನನ್ನ ವಾಸ. ಹೊಸಬರನ್ನು ಬರಮಾಡಿಕೊಳ್ಳುವ ಕೆಲಸ ಈಗ ಶಕುಂತಲಾ ಅವರದು.

ಇಂದು ಬೆಳಿಗ್ಗೆ ಆರಡಿ ಎತ್ತರದ ಪೊಲೀಸ್ ಪೇದೆಯೊಬ್ಬರು ಬಂದರು. ಹೆಸರು ಕೇಳಿದರೆ ಜೇಬಿನಿಂದ ಗುರುತಿನ ಚೀಟಿ ತೆಗೆದು ತೋರಿಸಿದರು. ಶಕುಂತಲಾ ನನ್ನನ್ನು ಅವರ ಅಂಗಿಗೆ ಚುಚ್ಚಿ, ತಮ್ಮ ಪಕ್ಕಕ್ಕೇ ಕುರ್ಚಿ ಎಳೆದರು. ಆ ಎದೆಯ ಸದ್ದನ್ನು ನಾನು ಕೇಳುತ್ತಿದ್ದೇನೆ. ಇವರೂ ಒಂದು ದಿನ ನನ್ನನ್ನು ಬಿಚ್ಚಿಟ್ಟು, ತಮ್ಮ ಹೆಸರಿನ ನೀಲಿ ಬಿಲ್ಲೆ ಕೇಳುವವರೇ.