ಬೆಳಕಿಗೆ ತಿರುಗಿಸಿದ ಲೋಟ

ಕುಡಿತ ಬಿಟ್ಟವನಿಗೆ ಊರು ಕೊಡುವ ಮರ್ಯಾದೆ ಇಷ್ಟೆ: ಅವನು ಮತ್ತೆ ಯಾವಾಗ ಶುರುಮಾಡುತ್ತಾನೆ ಎಂದು ಕಾದು ಕೂರುವುದು. ಕುಡಿಯುತ್ತಿದ್ದಾಗ ಯಾರೂ ತಿರುಗಿ ನೋಡುವುದಿಲ್ಲ, ಬಿಟ್ಟ ಮೇಲೆ ಎಲ್ಲರ ಕಣ್ಣೂ ಅವನ ಮೇಲೆಯೇ. ಕಾಪುವಿನ ಮೀನುಗಾರ ಬೂಬ ನಾಲ್ಕು ವರ್ಷದಿಂದ ಒಂದು ತೊಟ್ಟೂ ಮುಟ್ಟಿರಲಿಲ್ಲ. ಊರು ಏನೆಂದುಕೊಂಡರೂ ಅವನಿಗೆ ಅಷ್ಟಕ್ಕಷ್ಟೆ. ಅವನಿಗೆ ಬೇಕಾಗಿದ್ದುದು ಮಗಳು ಸೌಮ್ಯಶ್ರೀಯ ನಂಬಿಕೆ ಒಂದೇ.

ಆಕೆಗೆ ಚಿಕ್ಕಂದಿನಲ್ಲಿ ಒಂದು ಅಭ್ಯಾಸವಿತ್ತು. ಅಪ್ಪ ದೋಣಿ ಕೆಲಸ ಮುಗಿಸಿ ಮನೆಗೆ ಬಂದ ಕೂಡಲೇ ಕೈಯ ಮೀನಿನ ಚೀಲ ತೆಗೆದುಕೊಳ್ಳುವ ನೆವದಲ್ಲಿ ಹತ್ತಿರ ಬಂದು, ಮುಖವೆತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದುಕೊಳ್ಳುತ್ತಿದ್ದಳು. ವಾಸನೆ ಬಂತೋ, ಚೀಲವನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ತಾಯಿ ಸುಂದರಿಯ ಬೆನ್ನ ಹಿಂದೆ ಕೂರುತ್ತಿದ್ದಳು. ಬೂಬ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಎಷ್ಟು ಹೊತ್ತು ಹಿಡಿದಾನು? ಕುಡಿತ ಬಿಟ್ಟ ಮೇಲೂ ಬಹಳ ಕಾಲ ಅವಳು ಮೂಸುವುದನ್ನು ಬಿಡಲಿಲ್ಲ. ಆಮೇಲೆ ಒಂದು ಸಂಜೆ ಚೀಲ ತೆಗೆದುಕೊಂಡವಳು ಮುಖವನ್ನೇ ಎತ್ತದೆ "ಬಂಗುಡೆಯಾ ಅಪ್ಪಾ?" ಎಂದು ಕೇಳಿ ಒಳಗೆ ನಡೆದಳು. ಅಂದು ಬೂಬ ಬಾವಿಕಟ್ಟೆಯ ಹಿಂದೆ ಹೋಗಿ ಮಗುವಿನ ಹಾಗೆ ಅತ್ತ. ಈ ವಿಷಯವನ್ನು ಅವನು ಹೇಳಿಕೊಂಡದ್ದು ಧನರಾಜನೊಬ್ಬನಿಗೆ.

ಧನರಾಜ್ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ. ಕಾಪು ಪೇಟೆಯಲ್ಲಿ ಅವನಿಗೆ ಫೋಟೊ ಸ್ಟುಡಿಯೋ ಉಂಟು. ಕುಡಿತ ಬಿಟ್ಟ ಮೊದಲ ವಾರ ಬೂಬನ ಕೈ ನಡುಗಿ ಲೋಟ ನಿಲ್ಲದಿದ್ದಾಗ, ಸ್ಟುಡಿಯೋಕ್ಕೆ ಬೀಗ ಹಾಕಿ ಬಂದು ಎಳನೀರು ಕುಡಿಸಿದವನು ಅವನೇ. ಕೊನೆಯ ಬಾಟಲಿಯನ್ನು ಕಡಲಿಗೆ ಸುರಿದು ತಂದಾಗ ಬೂದಿ ಹಾಕಿ ತೊಳೆದುಕೊಟ್ಟವನೂ ಅವನೇ. ಅದರಲ್ಲಿ ಬೂಬ ತಲೆಗೆ ಹಚ್ಚುವ ತೆಂಗಿನೆಣ್ಣೆ ತುಂಬಿಸಿಟ್ಟ. ಬಾಟಲಿಯ ಮೇಲಿನ ಬ್ರಾಂದಿಯ ಚೀಟಿ ಕೀಳಲಿಲ್ಲ. "ಇರಲಿ ಮಾರಾಯ, ನನ್ನನ್ನು ಆಡಿಸಿದ್ದು ಇದು. ಇನ್ನು ದಿನಾ ನನ್ನ ತಲೆಗೆ ಎಣ್ಣೆ ಹಚ್ಚಿಕೊಂಡು ಬಿದ್ದಿರಲಿ," ಎಂದು ನಗುತ್ತಿದ್ದ.

ಮದುವೆ, ಸೀಮಂತ, ಪಾಸ್‌ಪೋರ್ಟ್ ಫೋಟೊ ತೆಗೆದು ಧನರಾಜನಿಗೆ ಬೇಸರ ಬಂದಿತ್ತು. ೨೦೦೩ರ ಡಿಸೆಂಬರಿನಲ್ಲಿ ಮಣಿಪಾಲದಲ್ಲಿ ಫೋಟೊ ಸ್ಪರ್ಧೆ, ಪ್ರದರ್ಶನ ಎಂದಾಗ ಬೂಬನ ಮನೆಗೆ ಬಂದ. ಮನುಷ್ಯರ ಫೋಟೊ ಬೇಡ, ಬರೀ ವಸ್ತುಗಳದ್ದು ಸಾಕು ಎಂದ. "ವಸ್ತು ಸುಮ್ಮನೆ ಇಟ್ಟರೆ ಅಂಗಡಿ ಆಗುತ್ತದೆ. ಜೋಡಿಸಿ, ಸರಿಯಾದ ಬೆಳಕು ಕೊಟ್ಟರೆ ಮಾತಾಡುತ್ತದೆ."

ಪೂರ್ವದ ಕಿಟಕಿಯ ಬಳಿ ಹಲಗೆ ಹಾಕಿದ. ಹಿಂದೆ ಕಪ್ಪು ಬಟ್ಟೆ ಕಟ್ಟಿದ. ಬಲೆ ನೇಯುವ ಸೂಜಿ, ಮಡಿಸಿದ ಬಲೆಯ ತುಂಡು, ಬೂಬ ಗಂಜಿತಿಳಿ ಕುಡಿಯುವ ಸ್ಟೀಲಿನ ಲೋಟ. ಎಲ್ಲವೂ ಗಿಡ್ಡವಾಯಿತು, ಎಡಕ್ಕೆ ಉದ್ದದ್ದೊಂದು ಬೇಕು ಎಂದು ಎಣ್ಣೆಯ ಬಾಟಲಿ ಕೇಳಿದ. ಚಳಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟಿ ಬೆಳ್ಳಗೆ ನಿಂತಿತ್ತು. ಯಾರು ಕಂಡರೂ ಎಣ್ಣೆ ಎಂದು ತಿಳಿಯುವಂತಿತ್ತು, ಹಾಗಾಗಿ ಬೂಬ ಸಂತೋಷದಿಂದಲೇ ತಂದಿಟ್ಟ. ಲೋಟವನ್ನು ಮಾತ್ರ ತಾನೇ ಸ್ವಲ್ಪ ತಿರುಗಿಸಿದ. ಅದರ ಮೇಲೆ ಪಾತ್ರೆಯಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಅವನ ಹೆಸರಿತ್ತು.

"ಹೆಸರು ಕಾಣಲಿ. ಮಗಳು ನೋಡಿ ಖುಷಿಪಡುತ್ತಾಳೆ," ಎಂದ.

ಬದಿಯಿಂದ ಬಿದ್ದ ಬಿಸಿಲಿಗೆ ಒಂದೊಂದು ಚುಕ್ಕಿಯೂ ಎದ್ದು ಕಂಡಿತು. ಧನರಾಜ್ ಕ್ಯಾಮೆರಾದಲ್ಲಿ ಇಣುಕಿ ತಲೆಯಾಡಿಸಿದ, ಬೆಳಕು ಇನ್ನೂ ಸ್ವಲ್ಪ ಮೇಲೆ ಬರಲಿ ಎಂದ. ಬೂಬನಿಗೆ ದೋಣಿಗೆ ಹೊತ್ತಾಗಿತ್ತು. ಮನೆಯನ್ನು ಅವನ ಕೈಗೆ ಬಿಟ್ಟು ಹೋದ. ಸಂಜೆ ಬಂದಾಗ ಬಾಟಲಿ ತನ್ನ ಜಾಗದಲ್ಲೇ ಇತ್ತು. "ಎಣ್ಣೆ ಸ್ವಲ್ಪ ಚೆಲ್ಲಿತು, ಹೊಸತು ತುಂಬಿಸಿದ್ದೇನೆ," ಎಂದು ಧನರಾಜ್ ಹೇಳಿದ. ಚೆಲ್ಲಿದ್ದಕ್ಕೆ ಹೊಸ ಎಣ್ಣೆ ತಂದ ಗೆಳೆಯನನ್ನು ಬೂಬ ಹೊಗಳಿದ್ದೇ ಹೊಗಳಿದ್ದು.

ಸೌಮ್ಯಶ್ರೀ ಮಣಿಪಾಲದಲ್ಲಿ ಹಾಸ್ಟೆಲಿನಲ್ಲಿದ್ದು ಲ್ಯಾಬ್ ಕೆಲಸದ ಕೋರ್ಸ್ ಮಾಡುತ್ತಿದ್ದಳು, ಶನಿವಾರ ಸಂಜೆ ಊರಿಗೆ ಬರುತ್ತಿದ್ದಳು. ಧನರಾಜನಿಗೆ ಮೊದಲ ಬಹುಮಾನ ಬಂತು ಎಂದು ತಿಳಿದ ದಿನವೇ ಬೂಬ ಎಸ್‌ಟಿಡಿ ಬೂತಿಗೆ ಓಡಿ ಮಗಳಿಗೆ ಫೋನ್ ಮಾಡಿದ. "ನಮ್ಮ ಮನೆಯ ಲೋಟ ಉಂಟು, ನನ್ನ ಹೆಸರು ಸಮೇತ. ನಿನ್ನ ಗೆಳತಿಯರನ್ನೆಲ್ಲ ಕರೆದುಕೊಂಡು ಹೋಗಿ ನೋಡು." ಶುಕ್ರವಾರವೇ ಹೋಗುತ್ತೇವೆ ಎಂದಳು ಅವಳು.

ಶನಿವಾರ ಮಧ್ಯಾಹ್ನ ಬೂಬ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಸ್ಸು ಹತ್ತಿದ. ಪ್ರದರ್ಶನದ ಸಭಾಂಗಣದ ನಡುವಿನ ಗೋಡೆಯಲ್ಲಿ, ಎಲ್ಲಕ್ಕಿಂತ ದೊಡ್ಡ ಚೌಕಟ್ಟಿನಲ್ಲಿ ಆ ಫೋಟೊ ಇತ್ತು. ಕೆಳಗೆ 'ಮೀನುಗಾರನ ಸಂಜೆ' ಎಂದು ಬರೆದಿತ್ತು.

ಬಾಟಲಿಯಲ್ಲಿ ಎಣ್ಣೆ ಇರಲಿಲ್ಲ. ತಳದಲ್ಲಿ ಎರಡು ಬೆರಳಿನಷ್ಟು ಕಂದು ನೀರು. ಬಿಸಿಲು ಅದನ್ನು ದಾಟಿ ಬಂದು ಲೋಟದ ಮೈಮೇಲೆ ಜೇನುಬಣ್ಣ ಚೆಲ್ಲಿತ್ತು. ಆ ಬಣ್ಣದ ನಡುವೆ ಚುಕ್ಕಿ ಚುಕ್ಕಿಯಾಗಿ, ಕುರುಡನಿಗೂ ಕಾಣುವ ಹಾಗೆ, ಬೂಬ ಎಂದಿತ್ತು. ಬಲೆ ನೇಯುವ ಸೂಜಿಯನ್ನು ನೆರಳಿಗೆ ತಳ್ಳಿ, ಕೈಯಿಂದ ಜಾರಿ ಬಿದ್ದ ಹಾಗೆ ಓರೆಯಾಗಿ ಇಡಲಾಗಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು "ಪಾಪ, ಇವನ ಹೆಂಡತಿ ಮಕ್ಕಳ ಗತಿ ಎಂತದೋ," ಎಂದು ಮುಂದೆ ಹೋದಳು.

ಬೂಬ ಮೂಲೆಯಲ್ಲಿ ಯಾರದೋ ಕೈಕುಲುಕುತ್ತಿದ್ದ ಧನರಾಜನನ್ನು ಹೊರಗೆ ಕರೆದ.

"ಅದು ಎಂತ, ಬಾಟಲಿಯಲ್ಲಿ?"

"ಚಹಾ ಮಾರಾಯ. ಹಾಲು ಹಾಕದ ಚಹಾ. ಹೆಪ್ಪುಗಟ್ಟಿದ ಎಣ್ಣೆಯಲ್ಲಿ ಬೆಳಕು ದಾಟುವುದಿಲ್ಲ."

"ಬೆಳಕು ದಾಟದಿದ್ದರೆ ನನಗೇನು? ಕಂಡವರಿಗೆ ಎಂತ ಅನಿಸುತ್ತದೆ ಎಂದು ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು," ಎಂದ ಧನರಾಜ್. "ಅನಿಸಲಿ ಎಂದೇ ಇಟ್ಟದ್ದು. ತಲೆಗೆ ಹಚ್ಚುವ ಎಣ್ಣೆ ನೋಡಿದರೆ ಯಾರಿಗೆ ಎಂತ ಅನಿಸುತ್ತದೆ? ಅದು ನೀನಲ್ಲ ಬೂಬ, ಒಂದು ಕಲ್ಪನೆ ಅಷ್ಟೆ."

"ಕಲ್ಪನೆಯಾದರೆ ಲೋಟವನ್ನು ಆಚೆ ತಿರುಗಿಸಬಹುದಿತ್ತಲ್ಲ?"

ಧನರಾಜ್ ನೆಲ ನೋಡಿದ. "ತಿರುಗಿಸಿಯೂ ಒಂದು ತೆಗೆದಿದ್ದೆ. ಹೆಸರಿಲ್ಲದಿದ್ದರೆ ಅದು ಯಾರದ್ದೋ ಲೋಟ. ಹೆಸರಿದ್ದರೆ ಜನ ನಂಬುತ್ತಾರೆ."

ಎಳನೀರು ಕುಡಿಸಿದ ಕೈಗಳನ್ನೇ ಬೂಬ ನೋಡುತ್ತ ನಿಂತ. ಹೊಡೆಯಬೇಕೆನಿಸಿತು, ಆಗಲಿಲ್ಲ. "ಸೌಮ್ಯ ನಿನ್ನೆ ಬಂದಿದ್ದಳಾ?" ಎಂದು ಮಾತ್ರ ಕೇಳಿದ.

"ಬಂದಿದ್ದಳು. ಗೆಳತಿಯರೊಟ್ಟಿಗೆ."

"ನೀನು ಹೇಳಿದೆಯಾ, ಅದು ಚಹಾ ಎಂದು?"

"ಬಹುಮಾನ ಕೊಟ್ಟವರು ಪಕ್ಕದಲ್ಲೇ ಇದ್ದರು," ಎಂದ ಧನರಾಜ್.

ಬಸ್ಸಿನಲ್ಲಿ ಕೂತು ಬೂಬ ದಾರಿಯುದ್ದಕ್ಕೂ ಮಗಳಿಗೆ ಹೇಳಬೇಕಾದ ಮಾತು ಜೋಡಿಸಿದ. ಯಾವ ಕಡೆಯಿಂದ ಶುರುಮಾಡಿದರೂ ಅದು ಕುಡುಕ ಹೇಳುವ ನೆಪದ ಹಾಗೆಯೇ ಕೇಳಿಸುತ್ತಿತ್ತು. ಅಂಥ ನೆಪಗಳನ್ನು ಅವನು ಹಿಂದೆ ಬೇಕಾದಷ್ಟು ಹೇಳಿದ್ದ, ಅವಳೂ ಕೇಳಿದ್ದಳು. ಸಂಜೆ ಕಾಪುವಿನಲ್ಲಿ ಇಳಿದು, ಮಾರುಕಟ್ಟೆಯಲ್ಲಿ ಮೀನು ಮಾರುವ ಸುಂದರಿ ಮಗಳಿಗೆಂದು ತೆಗೆದಿಟ್ಟಿದ್ದ ಬಂಗುಡೆಯನ್ನು ಚೀಲಕ್ಕೆ ಹಾಕಿಸಿಕೊಂಡು ಮನೆಗೆ ನಡೆದ.

ಮೆಟ್ಟಿಲಲ್ಲಿ ಸೌಮ್ಯಶ್ರೀಯ ಚಪ್ಪಲಿ ಇತ್ತು. ಅವಳು ಹೊರಗೆ ಬಂದಳು. ಬೂಬ ಬಾಯಿ ತೆರೆಯುವ ಮೊದಲೇ ಚೀಲಕ್ಕೆ ಕೈಚಾಚಿ ಹತ್ತಿರ ಬಂದಳು, ಮುಖವೆತ್ತಿದಳು, ಮೂಗಿನಿಂದ ಮೆಲ್ಲಗೆ ಉಸಿರೆಳೆದುಕೊಂಡಳು.

ಜೋಡಿಸಿದ್ದ ಮಾತನ್ನೆಲ್ಲ ಬೂಬ ಕೈಬಿಟ್ಟ. ಹಿಂದೆ ಉಸಿರು ಬಿಗಿಹಿಡಿಯುತ್ತಿದ್ದವನು ಈಗ ಬಾಯಿ ಅಗಲಿಸಿ, ಅವಳ ಮುಖಕ್ಕೆ ತಾಗುವಂತೆ ಉಸಿರು ಬಿಟ್ಟು ನಿಂತ.

ಅವಳ ಮುಖ ಸಡಿಲವಾಯಿತು. "ಬಂಗುಡೆಯಾ ಅಪ್ಪಾ?" ಎಂದು ಮೆತ್ತಗೆ ಕೇಳಿದಳು.

"ಹೌದು," ಎಂದ ಬೂಬ, ಬೇರೆಲ್ಲೋ ನೋಡುತ್ತ.