ಕಿವಿಯಾರೆ ಒಂದು ಹೂಂ

ಊಟದ ಬಿಡುವಿನಲ್ಲಿ ಲಾಕರಿನಿಂದ ಫೋನು ತೆಗೆದಾಗ ರಿಯಾಲಿನ್‌ಗೆ ಕಂಡದ್ದು ಗೆಳತಿ ದಿವಿನಾಳ ಮೂರು ಮಿಸ್ಡ್ ಕಾಲ್. ಅವರ ಬಳಗದಲ್ಲಿ ಯಾರೂ ಯಾರಿಗೂ ಫೋನು ಮಾಡುವವರಲ್ಲ. ಹುಟ್ಟುಹಬ್ಬ, ಜಗಳ, ಜಗಳದ ರಾಜಿ ಎಲ್ಲ ಮೆಸೇಜಿನಲ್ಲೇ. ಫೋನು ರಿಂಗಾಯಿತೆಂದರೆ ಯಾರೋ ಹೋದರೆಂದೇ ಅರ್ಥ.

'ಯಾರಿಗೇನಾಯ್ತೇ?' ಎಂದು ಬೆರಳು ಓಡಿಸಿದಳು.

'ಯಾರಿಗೂ ಏನೂ ಆಗಿಲ್ಲ. ಫೋನ್ ಎತ್ತು.'

'ಮೆಸೇಜ್ ಮಾಡೇ ಮಾರಾಯ್ತಿ.'

'ಮೆಸೇಜಲ್ಲಿ ಹೇಳೋ ಮಾತಲ್ಲ ಇದು.'

ಮರುಕ್ಷಣವೇ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ರಿಯಾಲಿನ್ ಅದನ್ನು ಬಿಸಿ ಪಾತ್ರೆಯಂತೆ ಮೇಜಿನ ಮೇಲಿಟ್ಟು, ಸುಮ್ಮನಾಗುವ ತನಕ ನೋಡುತ್ತ ಕೂತಳು.

ಬಾಕೊಲೋಡ್ ಪಟ್ಟಣದ ಆ ಕಾಲ್ ಸೆಂಟರಿನಲ್ಲಿ ಬೆಳಗ್ಗೆ ಆರರಿಂದ ಮೂರರವರೆಗೆ ಆಸ್ಟ್ರೇಲಿಯಾದವರ ಕೆಟ್ಟ ವಾಷಿಂಗ್ ಮೆಷೀನುಗಳ ಗೋಳು ಕೇಳುವುದು ಅವಳ ಕೆಲಸ. ಅದಕ್ಕೆಂದೇ ಬೇರೆ ದನಿಯಿತ್ತು. ಆರು ವಾರದ ತರಬೇತಿಯಲ್ಲಿ ತಿದ್ದಿ ತೀಡಿ ಕೊಟ್ಟ, ಜೇನು ಸವರಿದ ದನಿ. ಹೋದ ವರ್ಷ ಅಮ್ಮನಿಗೆ ಫೋನು ಮಾಡಿದಾಗ ಆ ದನಿಯೇ ತಾನಾಗಿ ಹೊರಬಂದು, ಅಮ್ಮ, 'ಯಾರು ಬೇಕಿತ್ತಮ್ಮಾ?' ಅಂದುಬಿಟ್ಟಿದ್ದಳು. ಅವತ್ತಿನಿಂದ ರಿಯಾಲಿನ್ ಬೆರಳಲ್ಲೇ ಮಾತಾಡುವವಳಾದಳು. ಬೆರಳಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಮೂರು ದಿನ ಹೀಗೇ ಕಳೆಯಿತು. ದಿವಿನಾ ಫೋನು ಮಾಡುವಳು, ಇವಳು ನಗುವ ಮುಖದ ಚಿತ್ರ ಕಳಿಸುವಳು. ನಾಲ್ಕನೆಯ ದಿನ ಪಕ್ಕದ ಸೀಟಿನ ಮೈಲೀನ್, ದಿವಿನಾಳ ಚಿಕ್ಕಪ್ಪನ ಮಗಳು, ಬೆಲ್ಲ ತುಂಬಿದ ಪಿಯಾಯಾ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತ ಕೇಳಿದಳು: 'ಭಾನುವಾರಕ್ಕೆ ಯಾವ ಬಣ್ಣದ್ದು ಹಾಕ್ತೀಯೇ?'

'ಭಾನುವಾರ ಏನು?'

'ದಿವಿನಾ ಮಗೂದು ಜ್ಞಾನಸ್ನಾನ! ಗೊತ್ತಿಲ್ವಾ? ನಾಳೆ ಬೆಳಗ್ಗೆ ಫಾದರ್‌ಗೆ ನಿನಾಂಗ್‌ಗಳ, ಧರ್ಮತಾಯಂದಿರ ಹೆಸರು ಕೊಡ್ಬೇಕಂತೆ. ಐದು ಹೆಸರು ಬರೆದಾಯ್ತು, ಮೇಲಿನ ಗೆರೆ ಮಾತ್ರ ಖಾಲಿ. ಯಾವ ರಾಣಿಗೆ ಕಾಯ್ತಿದಾಳೋ!'

ರಿಯಾಲಿನ್‌ಳ ಬಾಯೊಳಗಿನ ಅನ್ನ ಅಲ್ಲೇ ನಿಂತಿತು. ಏಳನೇ ಕ್ಲಾಸಿನಲ್ಲಿ, ಗಿಮಾರಾಸ್ ದ್ವೀಪದ ತಮ್ಮೂರಿನಲ್ಲಿ, ಉಪ್ಪು ಹಚ್ಚಿದ ಮಾವಿನಕಾಯಿ ಕಚ್ಚುತ್ತ ಇಬ್ಬರೂ ಆಣೆ ಮಾಡಿದ್ದರು: ನಿನ್ನ ಚೊಚ್ಚಲಿಗೆ ನಾನು ಧರ್ಮತಾಯಿ, ನನ್ನದಕ್ಕೆ ನೀನು. ಊರಿನ ಪದ್ಧತಿಯಂತೆ ಮೊದಲ ಧರ್ಮತಾಯಿಯನ್ನು ಮನೆಗೇ ಹೋಗಿ ಕೇಳಬೇಕು, ಆಗದಿದ್ದರೆ ಬಾಯಿಬಿಟ್ಟಾದರೂ ಕೇಳಬೇಕು. ಅವಳ 'ಹೂಂ' ಕಿವಿಗೆ ಬಿದ್ದಾಗಲೇ ಮಾತು ಗಟ್ಟಿ. ದ್ವೀಪದಲ್ಲಿರುವ ಬಾಣಂತಿ ಸಮುದ್ರ ದಾಟಿ ಬಂದಾಳೆಯೇ? ಬುದ್ಧಿ ಮೂರು ದಿನ ತಡವಾಗಿ ಬಂದಿತ್ತು.

ಮೂರು ಗಂಟೆಗೆ, ಊರ ಬಸ್ಸಿನಂತೆ ಓಡುವ ಜೀಪ್ನಿ ನಿಲ್ಲುವ ಜಾಗದಲ್ಲಿ, ಕೋಳಿ ಸುಡುವವನ ಹೊಗೆಯ ಪಕ್ಕ ನಿಂತು, ಕಣ್ಣು ಮುಚ್ಚಿ ದಿವಿನಾಳ ಹೆಸರು ಒತ್ತಿದಳು. ಎರಡೇ ರಿಂಗಿಗೆ ಆ ಕಡೆ ಎತ್ತಿದರು.

'ನಮಸ್ಕಾರ, ಕರೆ ಮಾಡಿದ್ದಕ್ಕಾಗಿ ಧನ್ಯವಾದಗಳು,' ಎಂದಿತು ರಿಯಾಲಿನ್‌ಳ ಬಾಯಿ, ಇಂಗ್ಲಿಷಿನಲ್ಲಿ, ಜೇನು ಸುರಿಸುತ್ತ. 'ಇಂದು ನಾನು ತಮಗೆ ಹೇಗೆ ಸಹಾಯ ಮಾಡಬಹುದು?'

ನಾಲಿಗೆ ಕಚ್ಚಿಕೊಂಡಳು. ಕಟ್ಟೇ ಮಾಡಿಬಿಡಲೇ ಅನ್ನಿಸಿತು; ಹೆಬ್ಬೆರಳು ಕೆಂಪು ಗುಂಡಿಯ ಮೇಲೇ ಇತ್ತು.

'ಸಹಾಯ ಬೇಕಿತ್ತು ಮೇಡಂ,' ಎಂದಳು ದಿವಿನಾ ಗಂಭೀರವಾಗಿ. 'ನನ್ ಹತ್ರ ಒಬ್ಳು ಗೆಳತಿ ಇದಾಳೆ. ಗ್ಯಾರಂಟಿ ಮುಗಿದಿರ್ಬೇಕು. ಮೂರು ದಿನದಿಂದ ರಿಂಗಾಗ್ತಾಳೆ, ಎತ್ತಲ್ಲ.'

ನಗು ಮಾತ್ರ ತರಬೇತಿಗೆ ಹೋಗಿರಲಿಲ್ಲ. ಮೂಗಿನಿಂದ ಗೊರ್ರೆಂದು ಹೊರಬಿತ್ತು.

'ಹಾಂ, ಇವಳೇ!' ದಿವಿನಾ ಕಿರುಚಿದಳು. 'ಅತ್ತೇ, ಸಿಕ್ಕಿದ್ಳು! ಹಂದಿ ಹಂಗೆ ನಗ್ತಿದಾಳೆ!'

'ನನ್ ದನಿ ಎಲ್ಲೋ ಬಿದ್ದೋಗಿದೆ ಕಣೇ,' ಎಂದಳು ರಿಯಾಲಿನ್. 'ಅಮ್ಮಂಗೇ ಗುರುತು ಸಿಗ್ಲಿಲ್ಲ. ನಿಂಗೂ ಸಿಗದಿದ್ರೆ ಅಂತ…'

'ಬಿದ್ದೋಗಿದ್ರೆ ಹೋಗ್ಲಿ ಬಿಡು. ಉಳಿದಿರೋದ್ರಲ್ಲೇ ಹೇಳು. ನನ್ ಮಗಳಿಗೆ ನಿನಾಂಗ್ ಆಗ್ತೀಯಾ?'

'ಹೂಂ.'

'ಜೋರಾಗಿ. ಅತ್ತೆಗೆ ಕೇಳಿಸ್ಬೇಕು. ಇಲ್ಲಾಂದ್ರೆ ಅವ್ರ ತಂಗೀನ ಮೇಲಿನ ಗೆರೇಲಿ ಕೂರಿಸ್ತಾರೆ.'

'ಹೂಂ ಅಂದೆನಲ್ಲೇ, ಕತ್ತೆ!'

ಕೋಳಿ ಸುಡುವವನು ಬೀಸಣಿಗೆ ನಿಲ್ಲಿಸಿ ತಿರುಗಿ ನೋಡಿದ. ಗಂಟಲು ಒಡೆದು ಬಂದ ಆ ಕೂಗಿನಲ್ಲಿ ಗಿಮಾರಾಸಿನ ಎಳೆತವೆಲ್ಲ ಇತ್ತು. ಫೋನಿನಾಚೆ ಮಗು ಬೆಚ್ಚಿ ಅಳತೊಡಗಿತು.

'ನೋಡು, ನಿನ್ ಮಗಳಿಗೂ ಕೇಳಿಸ್ತು,' ಎಂದಳು ದಿವಿನಾ. 'ಸಮಾಧಾನ ಮಾಡು ಈಗ.'

ಜೀಪ್ನಿ ಬಂದು ನಿಂತಿತು. ರಿಯಾಲಿನ್ ಹೋಗು ಹೋಗು ಎಂದು ಕೈಬೀಸಿ, ಫೋನನ್ನು ತುಟಿಗೆ ಒತ್ತಿಕೊಂಡು ಜೋಜೋ ಹೇಳತೊಡಗಿದಳು. ಎರಡನೆಯ ಜೀಪ್ನಿಯನ್ನೂ ಬಿಟ್ಟಳು. ಮೂರನೆಯದು ಬಂದಾಗ ಮಾತು ಭಾನುವಾರದ ಅಂಗಿಯ ಬಣ್ಣಕ್ಕೆ ಬಂದಿತ್ತಷ್ಟೇ.