ಒತ್ತಿದರೆ ನೋಯದ ನೋವು

ಕೊಟ್ರಮ್ಮನಿಗೆ ಸರ್ಪಸುತ್ತು ಆಗಿದ್ದು ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ. ಎಡ ಎದೆಯ ಕೆಳಗಿನಿಂದ ಬೆನ್ನಿನವರೆಗೆ ಪಟ್ಟಿ ಬಿಗಿದ ಹಾಗೆ ಗುಳ್ಳೆ ಎದ್ದವು. ಚನ್ನಗಿರಿಯ ಕುಂಬಾರರ ಮುದುಕಿ ಬಂದು, ಹಾವಿನ ಹೆಡೆಯೂ ಬಾಲವೂ ಕೂಡಬಾರದೆಂದು ಕೆಮ್ಮಣ್ಣಿನ ಗೆರೆ ಎಳೆದು ಹೋದಳು. ಗುಳ್ಳೆ ಒಣಗಿ ಹಕ್ಕಳೆ ಉದುರಿತು. ವಾಸಿಯಾಯಿತೆಂದು ಎಲ್ಲರೂ ಅಂದರು. ನೋವು ಮಾತ್ರ ಅಲ್ಲೇ ಉಳಿಯಿತು.

ಎಂಥ ನೋವೆಂದು ಹೇಳಲು ಅವಳಿಗೆ ಮಾತು ಸಿಗುತ್ತಿರಲಿಲ್ಲ. ಕೆಂಡಕ್ಕೆ ಉಪ್ಪು ಎರಚಿದ ಹಾಗೆ ಚಟಪಟ ಅನ್ನುತ್ತಿತ್ತು. ಸೆರಗು ಸೋಕಿದರೆ ಜೀವ ಹೋಗುತ್ತಿತ್ತು. ಅದೇ ಜಾಗವನ್ನು ಅಂಗೈಯಿಂದ ಗಟ್ಟಿಯಾಗಿ ಅದುಮಿ ಹಿಡಿದರೆ ತುಸು ಹಾಯೆನಿಸುತ್ತಿತ್ತು. ಇದೇ ಅವಳಿಗೆ ಮುಳುವಾಯಿತು. ಊರಿನ ಹಿರಿಯ ಡಾಕ್ಟರು ಪಕ್ಕೆ ಒತ್ತಿ, "ನೋಯ್ತದೇನಮ್ಮ?" ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ "ಇಲ್ಲ" ಎಂದಳು. ಅವರು ಕೈ ತೊಳೆಯುತ್ತ ಅವಳ ಗಂಡ ಮುರುಗೇಶಪ್ಪನ ಕಡೆ ತಿರುಗಿ, "ಏನೂ ಇಲ್ಲ ಬಿಡಿ, ಈ ವಯಸ್ಸಿಗೆ ಹೆಂಗಸರಿಗೆ ಇಂಥವೆಲ್ಲ ಇದ್ದದ್ದೇ" ಎಂದುಬಿಟ್ಟರು.

ಅಲ್ಲಿಂದ ಅದು ಮನೆಯ ನಗೆಮಾತಾಯಿತು. ಹೊನ್ನಾಳಿಗೆ ಕೊಟ್ಟಿದ್ದ ನಾದಿನಿ ರುದ್ರಾಣಿ ಬಂದಾಗಲೆಲ್ಲ, "ನಮ್ಮತ್ತಿಗೆ ಹುಲಿಗೆ ಹೆದರಲ್ಲ, ಗುಬ್ಬಿಗೆ ಹೆದರ್ತಾಳೆ. ಒತ್ತಿದ್ರೆ ನೋಯಲ್ವಂತೆ, ಸೋಕಿದ್ರೆ ನೋಯ್ತತಂತೆ!" ಎಂದು ನಗಿಸುತ್ತಿದ್ದಳು.

ಮುರುಗೇಶಪ್ಪ ಕೆಟ್ಟವನಲ್ಲ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವನಿಗೆ ಎಲ್ಲ ಕಷ್ಟಕ್ಕೂ ಬಟ್ಟೆಯಲ್ಲೇ ಪರಿಹಾರ ಕಾಣುತ್ತಿತ್ತು. ಮಲ್ಲು ತಂದ, ವಾಯಿಲ್ ತಂದ. "ಇದಕ್ಕಿಂತ ಮೆತ್ತಂದು ಈ ತಾಲ್ಲೂಕಿನಾಗೇ ಸಿಗಲ್ಲ ಕಣೇ" ಎಂದು ಕುಪ್ಪಸ ಹೊಲಿಸಿಕೊಟ್ಟ. ಬಟ್ಟೆ ಮೆತ್ತಗಾದಷ್ಟೂ ಉರಿ ಹೆಚ್ಚು, ದಪ್ಪ ದುಪ್ಪಟಿಯನ್ನು ಬಿಗಿದು ಸುತ್ತಿಕೊಂಡರೇ ವಾಸಿ ಎಂದರೆ ಯಾರು ನಂಬುತ್ತಾರೆ? ಕೊರಳ ಲಿಂಗದ ಕರಡಿಗೆಯೂ ಸರಿಯಾಗಿ ಅಲ್ಲಿಗೇ ಬಂದು ತಾಗುತ್ತಿತ್ತು. ಶಿವದಾರವನ್ನು ಗಿಡ್ಡ ಮಾಡಿ ಗಂಟಲ ಹತ್ತಿರ ಕಟ್ಟಿಕೊಂಡಳು. ಅದಕ್ಕೂ ಓಣಿಯವರು ನಕ್ಕರು. ತವರೂರು ಜಗಳೂರಿಗೆ ಹೋದರೆ ಅಕ್ಕ ಶಾಸ್ತ್ರ ಕೇಳಿಸಿದಳು. ಹಿಂದೆ ಯಾರೋ ಹಾವು ಹೊಡೆದ ಶಾಪವಂತೆ. ಹಾವು ಹೊಡೆದವರು ಯಾರೋ, ಉರಿಯುವುದು ನನಗೇಕೆ ಎಂದು ಕೊಟ್ರಮ್ಮ ಕೇಳಿದಳು.

ಮರುವರ್ಷ ಮಗಳು ವನಜಳನ್ನು ಜೊತೆಗೆ ಕರೆದುಕೊಂಡು ದಾವಣಗೆರೆಗೆ ಹೋದಳು. ಅಲ್ಲಿ ಇನ್ನೂ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಪಕ್ಕೆಯನ್ನು ಮೊದಲು ಒತ್ತಲಿಲ್ಲ. ಹತ್ತಿಯ ಎಳೆಯೊಂದನ್ನು ಹೊಸೆದು ಚರ್ಮದ ಮೇಲೆ ಹಾಗೇ ಎಳೆದಳು. ಕೊಟ್ರಮ್ಮ ಹಾರಿಬಿದ್ದಳು.

"ಗಟ್ಟಿಯಾಗಿ ಒತ್ತಿದ್ರೆ ಹಾಯಾಗುತ್ತೆ, ಅಲ್ವಾ?"

ಆ ಪ್ರಶ್ನೆಗೆ ಕೊಟ್ರಮ್ಮನ ಕಣ್ಣಲ್ಲಿ ಬುಳಬುಳನೆ ನೀರು ಬಂತು. "ನಿಮಗೆ ಹೆಂಗೆ ಗೊತ್ತಾತವ್ವ?"

"ಇದು ನರದ ನೋವು. ಕಳ್ಳ ಓಡಿಹೋದ್ರೂ ನಾಯಿ ಬೊಗಳೋದು ಬಿಡಲ್ವಲ್ಲ, ಹಾಗೆ. ಗುಳ್ಳೆ ಹೋಯ್ತು, ನರ ಮಾತ್ರ ಕೂಗ್ತಾನೇ ಇದೆ." ಆಮೇಲೆ ಒಂದು ಮಾತ್ರೆಯ ವಿಷಯ ಹೇಳಿದಳು. ಮನಸ್ಸು ಕುಗ್ಗಿದವರಿಗೆಂದು ಮಾಡಿದ್ದಂತೆ. ಆದರೆ ಹೊರದೇಶದಲ್ಲಿ ಇಂಥದೇ ನೋವಿನವರಿಗೆ ಕೊಟ್ಟು ನೋಡಿದ್ದಾರಂತೆ, ಬಹಳ ಜನಕ್ಕೆ ಇಳಿದಿದೆಯಂತೆ. "ಹೇಗೆ ಇಳಿಯುತ್ತೆ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲ. ಪೂರ್ತಿ ಹೋಗುತ್ತೆ ಅಂತಾನೂ ಹೇಳಲ್ಲ. ಬಾಯಿ ಒಣಗುತ್ತೆ, ತೂಕಡಿಕೆ ಬರುತ್ತೆ. ಕೆಲವು ವಾರ ತಾಳಬೇಕು. ಮಧ್ಯೆ ಬಿಡಬೇಡಿ."

ಬಾಯಿ ಒಣಗಿತು, ತೂಕಡಿಕೆಯೂ ಬಂತು. ಆದರೆ ಒಂದು ಮಧ್ಯಾಹ್ನ ಅಕ್ಕಿ ಕೇರುತ್ತಿದ್ದಾಗ, ಬೆಳಗಿನಿಂದಲೂ ತಾನು ಸೆರಗನ್ನು ಸರಿಯಾಗಿ ಹೊದ್ದಿದ್ದೇನೆಂದು ಕೊಟ್ರಮ್ಮನಿಗೆ ಹೊಳೆಯಿತು. ಮೊರ ಕೆಳಗಿಟ್ಟು ಸೆರಗನ್ನು ತೆಗೆದು ಮತ್ತೆ ಹೊದ್ದಳು. ಉರಿ ಇತ್ತು, ಆದರೆ ಪಕ್ಕದ ಮನೆಯಲ್ಲಿ ಯಾರೋ ಜಗಳವಾಡುತ್ತಿರುವ ಹಾಗೆ ದೂರದಲ್ಲಿತ್ತು. ಆ ದಿನ ಅವಳು ಯಾರ ಮೇಲೂ ರೇಗಲಿಲ್ಲ.

ಮಾತ್ರೆ ಮುಗಿಯಿತು. ಮುರುಗೇಶಪ್ಪ ತರಲು ಹೋದ. ಔಷಧಿ ಅಂಗಡಿಯ ಬಂಗಾರಪ್ಪ ಚೀಟಿ ನೋಡಿ, ಅಂಗಡಿ ತುಂಬ ಜನ ನಿಂತಿರುವಾಗಲೇ, "ಯಾರಿಗ್ರೀ ಇದು? ತಲೆ ಕೆಟ್ಟೋರಿಗೆ ಕೊಡಾ ಗುಳಿಗೆ!" ಎಂದ. ಮುರುಗೇಶಪ್ಪ ಬರಿಗೈಯಲ್ಲಿ ಮನೆಗೆ ಬಂದ.

ಸಮಯವೂ ಹಾಗೇ ಒದಗಿತ್ತು. ನ್ಯಾಮತಿಯ ಒಳ್ಳೆ ಮನೆತನದಿಂದ ವನಜಳಿಗೆ ಸಂಬಂಧ ತಂದಿದ್ದಳು ರುದ್ರಾಣಿ. ಸುದ್ದಿ ಕೇಳಿ ಮೊದಲ ಬಸ್ಸಿಗೇ ಓಡಿಬಂದಳು.

"ಅಲ್ಲ ಅತ್ತಿಗೆ, ತಾಯಿಗೆ ಹುಚ್ಚಿನ ಮಾತ್ರೆ ಅಂದ್ರೆ ಮಗಳನ್ನ ಯಾರು ಒಯ್ತಾರೆ? ಅವರ ನೆಂಟ್ರು ಸವಳಂಗದಾಗೆ ಅದಾರೆ, ಇಲ್ಲಿಗೆ ವಾರಕ್ಕೊಂದ್ಸಲ ಬರ್ತಾರೆ. ಕಿವಿಗೆ ಬಿದ್ರೆ ಮುಗೀತು."

"ಹುಚ್ಚಿಗಲ್ಲ, ನೋವಿಗೆ."

"ನೀನು ಹೇಳ್ತಿ. ಬಂಗಾರಪ್ಪ ಹೇಳಿದ್ದು ಬ್ಯಾರೆ ಐತಲ್ಲ."

"ಬಂಗಾರಪ್ಪನ ಪಕ್ಕೆ ಉರಿತೈತೇನು?"

"ಒಪ್ಪಿಗೆ ಶಾಸ್ತ್ರ ಆಗಾತನಕ ಬಿಡು ಕಣೇ," ಎಂದ ಮುರುಗೇಶಪ್ಪ, ಮುಖ ನೋಡದೆ. "ಆಮೇಲೆ ನಾನೇ ದಾವಣಗೆರೆಯಿಂದ ತರ್ತೀನಿ."

ಕೊಟ್ರಮ್ಮ ಮಗಳ ಕಡೆ ನೋಡಿದಳು. ಹತ್ತಿಯ ಎಳೆಗೆ ತಾಯಿ ಹಾರಿಬಿದ್ದದ್ದನ್ನು ಕಣ್ಣಾರೆ ಕಂಡಿದ್ದವಳು ಅವಳೊಬ್ಬಳೇ. ವನಜ ತಲೆ ಬಗ್ಗಿಸಿ ಕೂತಿದ್ದಳು. ಕೊಟ್ರಮ್ಮ ಆಗಲಿ ಎಂದಳು. ಮಗಳ ಬಾಳು ಹೆಚ್ಚೋ, ತನ್ನ ಪಕ್ಕೆ ಹೆಚ್ಚೋ ಎಂದು ಹೆಣ್ಣನ್ನು ಕೇಳಿದರೆ ಅವಳು ಬೇರೇನು ಹೇಳಿಯಾಳು?

ಮಾತ್ರೆ ಬಿಟ್ಟ ಮೇಲೆ ನೋವು ಸಾಲ ವಸೂಲಿಗೆ ಬಂದವನ ಹಾಗೆ ಬಾಗಿಲಲ್ಲೇ ಕೂತಿತು. ಶಾಸ್ತ್ರದ ದಿನ ಬೆಳಗಿನಿಂದ ಅವಳು ಎಡಗೈಯನ್ನು ಪಕ್ಕೆಗೆ ಅದುಮಿಕೊಂಡೇ ಒಂದೇ ಕೈಯಲ್ಲಿ ಕೆಲಸ ಮಾಡಿದಳು. ಮಾತುಕತೆ ಚೆನ್ನಾಗಿಯೇ ನಡೆಯಿತು. ಕೊನೆಗೆ ಬೀಗಿತ್ತಿಯಾಗುವ ಶಿವಗಂಗಮ್ಮ ಕೊಟ್ರಮ್ಮನ ಉಡಿ ತುಂಬಲು ಎದ್ದಳು. ಉಡಿ ಹಿಡಿಯಲು ಎರಡೂ ಕೈ ಬೇಕು. ಕೊಟ್ರಮ್ಮ ಪಕ್ಕೆಯ ಮೇಲಿನ ಕೈ ತೆಗೆದು ಸೆರಗು ಒಡ್ಡಿದಳು. ಅಕ್ಕಿ ಬಿತ್ತು, ಉತ್ತತ್ತಿ ಬಿತ್ತು, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ. ಭಾರ ಹೆಚ್ಚಿದ ಹಾಗೆ ಸೆರಗು ಜಗ್ಗಿ, ಜರಿಯ ಅಂಚು ಎದೆಯ ಕೆಳಗೆ ಗರಗಸದ ಹಾಗೆ ಎಳೆಯಿತು. ಹಲ್ಲು ಕಚ್ಚಿದಳು. ಶಿವಗಂಗಮ್ಮ ಇನ್ನೊಂದು ಬೊಗಸೆ ಅಕ್ಕಿ ಹಾಕಿದಳು.

ಕೈ ತಾನಾಗಿ ಬಿಟ್ಟುಹೋಯಿತು. ಉಡಿಯೆಲ್ಲ ನೆಲಕ್ಕೆ ಚೆಲ್ಲಿತು.

ತುಂಬಿದ ಉಡಿ ಚೆಲ್ಲುವುದೆಂದರೆ! ರುದ್ರಾಣಿಯೇ ಮೊದಲು ಬಾಯಿಬಿಟ್ಟಳು. "ಬೆಳಗಿಂದ ಉಪಾಸ ಅದಾಳೆ ನಮ್ಮತ್ತಿಗೆ, ತಲೆ ಸುತ್ತು ಬಂದಿರ್ಬೇಕು."

"ಉಪಾಸಾನೂ ಅಲ್ಲ, ತಲೆ ಸುತ್ತೂ ಅಲ್ಲ," ಎಂದಳು ಕೊಟ್ರಮ್ಮ. "ಸರ್ಪಸುತ್ತು ಬಿಟ್ಟುಹೋದ ನೋವು ಐತೆ ನನಗೆ. ಮಾತ್ರೆ ತಗಂಡ್ರೆ ಇಳೀತಿತ್ತು. ನೀವು ಹುಚ್ಚಿ ಅಂದ್ಕಂತೀರಿ ಅಂತ ಬಿಡಿಸಿದ್ರು. ಬಿಡಿಸಿದ್ದಕ್ಕೇ ಹಿಂಗಾತು."

ಶಿವಗಂಗಮ್ಮ ಚೆಲ್ಲಿದ ಅಕ್ಕಿಯನ್ನು ತುಳಿಯದಂತೆ ಕಾಲು ಹಿಂದಕ್ಕೆಳೆದುಕೊಂಡಳು. "ಇರ್ಲಿ ಬಿಡ್ರಿ," ಎಂದಳು. ಸ್ವಲ್ಪ ಹೊತ್ತಿಗೆ ಎಲ್ಲರೂ ಎದ್ದರು. "ತಿಳಿಸ್ತೀವಿ" ಎಂದು ಹೇಳಿ ನ್ಯಾಮತಿಯ ದಾರಿ ಹಿಡಿದರು.

ರುದ್ರಾಣಿ ಬೈದದ್ದು ಕೊಟ್ರಮ್ಮನಿಗೆ ತಾಗಲಿಲ್ಲ. ಅಕ್ಕಿ ಗುಡಿಸುತ್ತಿದ್ದ ವನಜ, "ಒಂದು ಗಳಿಗೆ ತಡಕಳಾಕೆ ಆಗ್ತಿರಲಿಲ್ಲೇನವ್ವ?" ಎಂದಳಲ್ಲ, ಅದು ತಾಗಿತು.

"ಆಗ್ತಿರಲಿಲ್ಲ ಕಣೇ," ಎಂದಳು ಕೊಟ್ರಮ್ಮ. "ಆಗಿದ್ರೆ ಬಿಡ್ತಿದ್ನಾ?"

ವನಜ ಮೊರ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಗ್ಗೆ ಕೊಟ್ರಮ್ಮ ಒಬ್ಬಳೇ ಬಂಗಾರಪ್ಪನ ಅಂಗಡಿಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಮಾತ್ರೆ ಕೇಳಿದಳು. ಅವನು, "ನಿಮ್ಮ ಯಜಮಾನ್ರು ಬ್ಯಾಡ ಅಂದಾರಲ್ಲಮ್ಮ, ಅವರನ್ನೇ ಕಳಿಸ್ರಿ" ಎಂದ. ಅವಳು ಅಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ನಡೆದು ದಾವಣಗೆರೆ ಬಸ್ಸು ಹತ್ತಿದಳು. ಯಾರು ಹೇಳಿದರೋ, ಮುರುಗೇಶಪ್ಪ ಏದುಸಿರು ಬಿಡುತ್ತ ಕಿಟಕಿಯ ಹತ್ತಿರ ಬಂದ.

"ನ್ಯಾಮತಿಯಿಂದ ಮಾತು ಬರ್ಲಿ ತಡಿಯೇ. ಎರಡು ದಿನ."

"ನೀವು ಕಾಯ್ರಿ. ನಾನು ಹೋಗಿ ಬರ್ತೀನಿ."

"ಮಗಳ ಗತಿ?"

"ನನಗೂ ಅದೇ ಉರಿ ಐತೆ," ಎಂದಳು. "ಅದಕ್ಕೆ ಮಾತ್ರೆ ಇಲ್ಲ. ಇದಕ್ಕೆ ಐತಲ್ಲ."

ಅವನು ಕಿಟಕಿಯ ಸರಳು ಹಿಡಿದುಕೊಂಡ. ನಿಂತೇ ಇದ್ದ. ಅಷ್ಟರಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಬಂದು ಕೊಟ್ರಮ್ಮನ ಎಡಕ್ಕೆ ಕೂತಳು. ಕೂಸು ಸೆರಗಿನತ್ತ ಕೈ ಚಾಚಿತು.

"ಈ ಕಡೆ ಕೂಸು ಬ್ಯಾಡವ್ವ," ಎಂದಳು ಕೊಟ್ರಮ್ಮ. "ನನಗಿಲ್ಲಿ ಸೋಕಿದ್ರೆ ನೋಯ್ತತೆ."

ಆ ಹೆಂಗಸು "ಹೌದಾ" ಎಂದು ಕೂಸನ್ನು ಆಚೆ ತೊಡೆಗೆ ಹಾಕಿಕೊಂಡಳು. ಮತ್ತೇನೂ ಕೇಳಲಿಲ್ಲ. ಡ್ರೈವರ್ ಇನ್ನೂ ಚಹಾ ಕುಡಿಯುತ್ತಿದ್ದ.